ಪಬ್ಲಿಷ್ ಒತ್ತಿದ ಮೇಲೆ ಶುರುವಾಗುವ ಕೆಲಸ

(ಬರಹಗಾರರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿ ಹಾಗೇ ಇದೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪುಸ್ತಕ ಬರೆಯುವುದು ಹೇಗೆ ಅನ್ನೋದು ಇವತ್ತಿನ ವಿಷಯ ಅಲ್ಲ. ನೀವು ಬರೆದು ಮುಗಿಸಿದ್ದೀರಿ, ಯಾರ ಕೈಯಲ್ಲಾದರೂ ಕರಡು ತಿದ್ದಿಸಿದ್ದೀರಿ, ಪ್ರಕಾಶಕರ ಹತ್ತಿರ ಹೋಗದೆ ನೀವೇ ಆನ್‌ಲೈನ್ ಅಂಗಡಿಗಳಲ್ಲಿ ಮಾರಾಟಕ್ಕೆ ಇಡಬೇಕು ಅಂತ ತೀರ್ಮಾನವನ್ನೂ ಮಾಡಿದ್ದೀರಿ ಅಂತ ಇಟ್ಟುಕೊಳ್ಳೋಣ. ಅಲ್ಲಿಂದ ಮುಂದಿನದ್ದು ನನ್ನ ಮಾತು.

"ಅರ್ಧ ಗಂಟೆಯಲ್ಲಿ ನಿಮ್ಮ ಪುಸ್ತಕ ಪ್ರಕಟಿಸಿ" ಅನ್ನುವ ವಿಡಿಯೊಗಳನ್ನು ನೀವೆಲ್ಲ ನೋಡಿರುತ್ತೀರಿ. ಅದರಲ್ಲಿ ಸುಳ್ಳೇನೂ ಇಲ್ಲ. ಫೈಲ್ ಸಿದ್ಧ ಇದ್ದರೆ ಅಪ್‌ಲೋಡ್ ಮಾಡುವುದಕ್ಕೆ ಅಷ್ಟೇ ಹೊತ್ತು ಸಾಕು. ಆದರೆ ಅದು ಮೊದಲ ದಿನದ ಮಾತು. ಪುಸ್ತಕ ಒಂದೇ ಇರಬಹುದು, ಐದು ಅಂಗಡಿಗೆ ಹೋದರೆ ಅದಕ್ಕೆ ಐದು ಫೈಲು, ಐದು ಬೆಲೆ, ಐದು ಒಪ್ಪಂದ, ಐದು ಲೆಕ್ಕ. ಆ ಐದೂ ವರ್ಷಗಟ್ಟಲೆ ಒಂದೇ ಪುಸ್ತಕವಾಗಿ ಉಳಿಯುವ ಹಾಗೆ ನೋಡಿಕೊಳ್ಳಬೇಕು. ಸ್ವಯಂ ಪ್ರಕಾಶನದ ನಿಜವಾದ ಕೆಲಸ ಅದು. ಹಿಂದೆ ಪ್ರಕಾಶಕರ ಕಚೇರಿಯಲ್ಲಿ ಯಾರೋ ಒಬ್ಬರು ಕೂತು ಇದನ್ನೆಲ್ಲ ಮಾಡುತ್ತಿದ್ದರು, ಲೇಖಕರಿಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ಆ ಕುರ್ಚಿಯಲ್ಲಿ ನೀವೇ ಇದ್ದೀರಿ.

ಹಿನ್ನೆಲೆ ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ಅಮೆಜಾನ್ 2007ರ ನವೆಂಬರ್‌ನಲ್ಲಿ ಕಿಂಡಲ್ ಅನ್ನುವ ಇ-ಬುಕ್ ಓದುವ ಸಾಧನ ತಂದಾಗಲೇ ಲೇಖಕರು ನೇರವಾಗಿ ಪುಸ್ತಕ ಏರಿಸುವ ವ್ಯವಸ್ಥೆಯನ್ನೂ ತಂದಿತು. ಈಗ ಅದನ್ನೇ ಕೆಡಿಪಿ, ಅಂದರೆ ಕಿಂಡಲ್ ಡೈರೆಕ್ಟ್ ಪಬ್ಲಿಷಿಂಗ್ ಅನ್ನುತ್ತೇವೆ. 2010ರಲ್ಲಿ ಆಪಲ್ ಇ-ಬುಕ್ ಅಂಗಡಿ ತೆರೆಯಿತು, ಅದೇ ವರ್ಷ ಅಮೆಜಾನ್ 70 ಶೇಕಡಾ ರಾಯಲ್ಟಿಯ ಆಯ್ಕೆ ಕೊಟ್ಟಿತು. 2012ರಲ್ಲಿ ಕೋಬೋ ಅನ್ನುವ ಇ-ಬುಕ್ ಅಂಗಡಿಯ ಇಂಥದ್ದೇ ವ್ಯವಸ್ಥೆ, ಕೋಬೋ ರೈಟಿಂಗ್ ಲೈಫ್ ಬಂತು. ಗೂಗಲ್ ಪ್ಲೇ ಬುಕ್ಸ್ ಇದೆ. ಇವಕ್ಕೆಲ್ಲ ಒಂದೇ ಕಡೆಯಿಂದ ಪುಸ್ತಕ ಹಂಚುವ ಮಧ್ಯವರ್ತಿ ಸಂಸ್ಥೆಗಳಿವೆ. ಡ್ರಾಫ್ಟ್2ಡಿಜಿಟಲ್ ಅಂಥದ್ದು, 2008ರಲ್ಲಿ ಶುರುವಾದ ಸ್ಮ್ಯಾಶ್‌ವರ್ಡ್ಸ್ ಅನ್ನು 2022ರಲ್ಲಿ ಅದು ಕೊಂಡುಕೊಂಡಿತು. ಅಚ್ಚು ಪುಸ್ತಕಕ್ಕೆ ಕೆಡಿಪಿ ಜೊತೆಗೆ ಇನ್‌ಗ್ರಾಮ್‌ಸ್ಪಾರ್ಕ್ ಇದೆ. ಇಷ್ಟು ಹೆಸರು ಗೊತ್ತಿದ್ದರೆ ಸಾಕು.

ಮೊದಲು ಫೈಲಿನ ವಿಷಯ. ಬಹಳ ಜನ ವರ್ಡ್ ಫೈಲನ್ನೇ ನೇರವಾಗಿ ಏರಿಸುತ್ತಾರೆ. ಅಂಗಡಿ ಅದನ್ನು ತಾನೇ ಪರಿವರ್ತಿಸಿಕೊಳ್ಳುತ್ತದೆ. ತೊಂದರೆ ಏನಂದರೆ ಪ್ರತಿ ಅಂಗಡಿಯ ಪರಿವರ್ತಕವೂ ಬೇರೆ. ನೀವು ಪ್ಯಾರಾ ಶುರುವಿನಲ್ಲಿ ಜಾಗ ಬಿಡುವುದಕ್ಕೆ ಸ್ಪೇಸ್ ಬಾರ್ ಒತ್ತಿದ್ದರೆ, ಅಧ್ಯಾಯ ಹೊಸ ಪುಟಕ್ಕೆ ಹೋಗಲಿ ಅಂತ ಎಂಟರ್ ಕೀಲಿ ಒತ್ತುತ್ತಾ ಹೋಗಿದ್ದರೆ, ಒಂದು ಕಡೆ ಅದು ಸರಿ ಕಾಣುತ್ತದೆ, ಇನ್ನೊಂದು ಕಡೆ ಎರಡು ಖಾಲಿ ಪುಟ ಬಂದು ಓದುಗರು ಪುಸ್ತಕ ಮುಗಿದೇ ಹೋಯಿತು ಅಂದುಕೊಳ್ಳುತ್ತಾರೆ. ಅಧ್ಯಾಯದ ಹೆಸರನ್ನು ಬರೀ ದಪ್ಪ ಅಕ್ಷರ ಮಾಡಿ ಬಿಟ್ಟರೆ ಪರಿವಿಡಿ ಹುಟ್ಟುವುದಿಲ್ಲ, ಹೆಡಿಂಗ್ ಸ್ಟೈಲ್ ಹಾಕಿದರೆ ಮಾತ್ರ ಹುಟ್ಟುತ್ತದೆ. ಪಠ್ಯದ ಬಣ್ಣ ಕಪ್ಪು ಅಂತ ಫೈಲಿನಲ್ಲೇ ಗಟ್ಟಿ ಮಾಡಿಟ್ಟರೆ, ರಾತ್ರಿ ಕಪ್ಪು ಹಿನ್ನೆಲೆಯಲ್ಲಿ ಓದುವವರಿಗೆ ಕೆಲವು ಆ್ಯಪ್‌ಗಳಲ್ಲಿ ಅಕ್ಷರವೇ ಕಾಣದೆ ಹೋಗಬಹುದು.

ಅದಕ್ಕೇ ನಾನು ಹೇಳುವುದು, ಇಪಬ್ ಅನ್ನುವ ಇ-ಬುಕ್ ಫೈಲನ್ನು ನೀವೇ ಮಾಡಿಕೊಳ್ಳಿ, ಇಲ್ಲಾ ಗೊತ್ತಿರುವವರ ಕೈಯಲ್ಲಿ ಮಾಡಿಸಿಕೊಳ್ಳಿ. ಎಲ್ಲ ದೊಡ್ಡ ಅಂಗಡಿಗಳೂ ಈಗ ಅದನ್ನು ತೆಗೆದುಕೊಳ್ಳುತ್ತವೆ. ಮೊದಲು ಅಮೆಜಾನ್‌ಗೆ ಮೋಬಿ ಅಂತ ಬೇರೆ ಫೈಲ್ ಮಾಡುವ ರೂಢಿ ಇತ್ತು, ಮಾಮೂಲಿ ಪುಸ್ತಕಗಳಿಗೆ 2021ರಲ್ಲಿ ಅಮೆಜಾನ್ ಅದನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಇಪಬ್‌ನ ನಿಯಮಗಳನ್ನು ಈಗ ನೋಡಿಕೊಳ್ಳುವುದು ಡಬ್ಲ್ಯು3ಸಿ, ವೆಬ್‌ನ ಮಾನದಂಡ ರೂಪಿಸುವ ಸಂಸ್ಥೆಯೇ. ಫೈಲ್ ನಿಯಮದ ಪ್ರಕಾರ ಇದೆಯಾ ಅಂತ ನೋಡುವುದಕ್ಕೆ ಇಪಬ್‌ಚೆಕ್ ಅನ್ನುವ ಉಚಿತ ತಂತ್ರಾಂಶ ಇದೆ. ಅದರಲ್ಲಿ ಪಾಸಾದ ಮೇಲೆ ಕಿಂಡಲ್ ಪ್ರಿವ್ಯೂವರ್‌ನಲ್ಲಿ ಒಮ್ಮೆ, ಆಪಲ್ ಬುಕ್ಸ್‌ನಲ್ಲಿ ಒಮ್ಮೆ, ಥೋರಿಯಂ ರೀಡರ್‌ನಲ್ಲಿ ಒಮ್ಮೆ ತೆರೆದು ನೋಡಿ. ಸುಮ್ನೆ ಮೊದಲ ಪುಟ ನೋಡಿ ಮುಚ್ಚಬೇಡಿ. ಪದ್ಯ ಇರುವ ಪುಟ, ಚಿತ್ರ ಇರುವ ಪುಟ, ಕೋಷ್ಟಕ, ಅಡಿಟಿಪ್ಪಣಿ, ಇವೇ ಕೈ ಕೊಡುವ ಜಾಗಗಳು. ಫೋನಿನ ಪರದೆಯಲ್ಲಿ ಅಕ್ಷರ ದೊಡ್ಡದು ಮಾಡಿ ನೋಡಿ. ವಯಸ್ಸಾದ ಓದುಗರು ಹಾಗೇ ಓದುತ್ತಾರೆ, ಆಗ ನಿಮ್ಮ ನಾಲ್ಕು ಕಾಲಮ್ಮಿನ ಕೋಷ್ಟಕ ಏನಾಗುತ್ತದೆ ಅಂತ ಗೊತ್ತಾಗುತ್ತದೆ.

ಲ್ಯಾಟಿನ್ ಅಲ್ಲದ ಲಿಪಿಯಲ್ಲಿ ಬರೆಯುವವರಿಗೆ ಇನ್ನೊಂದು ಕೆಲಸ ಇದೆ. ಪಠ್ಯ ಪೂರ್ತಿ ಯೂನಿಕೋಡ್‌ನಲ್ಲಿ ಇರಬೇಕು. ಹಳೇ ಡಿಟಿಪಿ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಅಚ್ಚಿನ ಪಿಡಿಎಫ್‌ನಲ್ಲಿ ಚೆನ್ನಾಗಿ ಕಂಡರೂ ಇ-ಬುಕ್‌ನಲ್ಲಿ ಬರೀ ಚಿಹ್ನೆಗಳಾಗುತ್ತದೆ, ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ. ಪರಿವರ್ತಕ ಹಾಕಿ ಯೂನಿಕೋಡ್ ಮಾಡಿದ ಮೇಲೆ ಪೂರ್ತಿ ಪುಸ್ತಕವನ್ನು ಮತ್ತೆ ಕರಡು ತಿದ್ದಲೇಬೇಕು, ಒತ್ತಕ್ಷರಗಳಲ್ಲೇ ತಪ್ಪು ಜಾಸ್ತಿ. ಮತ್ತೆ, ಪ್ರತಿ ಅಂಗಡಿಯೂ ತಾನು ಯಾವ ಭಾಷೆಗಳ ಪುಸ್ತಕ ಸ್ವೀಕರಿಸುತ್ತೇನೆ ಅಂತ ಪಟ್ಟಿ ಹಾಕಿರುತ್ತದೆ. ಇ-ಬುಕ್‌ಗೆ ಒಂದು ಪಟ್ಟಿ, ಅಚ್ಚಿಗೆ ಒಂದು ಪಟ್ಟಿ ಇರಬಹುದು. ಮುಖಪುಟ ಮಾಡಿಸುವುದಕ್ಕೆ ದುಡ್ಡು ಖರ್ಚು ಮಾಡುವ ಮೊದಲೇ ಆ ಪಟ್ಟಿ ನೋಡಿಬಿಡಿ.

ಪುಸ್ತಕದ ಕೊನೆ ಪುಟದಲ್ಲಿ ಕೊಡುವ ಲಿಂಕುಗಳ ಬಗ್ಗೆಯೂ ಹೇಳಬೇಕು. "ಇಷ್ಟವಾದರೆ ಇಲ್ಲಿ ವಿಮರ್ಶೆ ಬರೆಯಿರಿ" ಅಂತ ಅಮೆಜಾನ್ ಲಿಂಕ್ ಹಾಕಿ, ಅದೇ ಫೈಲನ್ನು ಆಪಲ್‌ಗೆ ಕಳಿಸಿದರೆ ವಾಪಸ್ ಬರುತ್ತದೆ. ಪ್ರತಿಸ್ಪರ್ಧಿ ಅಂಗಡಿಯ ಲಿಂಕನ್ನು ಅವರು ಒಪ್ಪುವುದಿಲ್ಲ. ಹಾಗಾಗಿ ಕೊನೆ ಪುಟ ಮಾತ್ರ ಅಂಗಡಿಗೊಂದು ಥರ ಮಾಡಿಕೊಳ್ಳಬೇಕು, ಇಲ್ಲಾ ನಿಮ್ಮದೇ ವೆಬ್‌ಸೈಟಿನ ಒಂದು ಪುಟಕ್ಕೆ ಲಿಂಕ್ ಕೊಟ್ಟು ಅಲ್ಲಿಂದ ಓದುಗರು ತಮಗೆ ಬೇಕಾದ ಅಂಗಡಿಗೆ ಹೋಗುವ ಹಾಗೆ ಮಾಡಬೇಕು. ನಾನು ಎರಡನೆಯದನ್ನೇ ಹೇಳುತ್ತೇನೆ. ಯಾಕೆಂದರೆ ಮುಂದೆ ಒಂದು ಕಾಗುಣಿತದ ತಪ್ಪು ಸಿಕ್ಕಿತು ಅಂದುಕೊಳ್ಳಿ, ಐದು ಬೇರೆ ಬೇರೆ ಫೈಲುಗಳಲ್ಲಿ ತಿದ್ದುವುದು ಬೇರೆ, ಒಂದರಲ್ಲಿ ತಿದ್ದಿ ಐದು ಕಡೆ ಏರಿಸುವುದು ಬೇರೆ. ಫೈಲಿನ ಹೆಸರಿನಲ್ಲೇ ತಾರೀಖು ಹಾಕಿಡಿ. ಯಾವ ಅಂಗಡಿಯಲ್ಲಿ ಯಾವ ತಾರೀಖಿನ ಫೈಲ್ ಇದೆ ಅಂತ ಒಂದು ಎಕ್ಸೆಲ್ ಹಾಳೆಯಲ್ಲಿ ಬರೆದಿಡಿ. ಈ ಹಾಳೆಯ ಮಾತು ಮುಂದೆಯೂ ಬರುತ್ತದೆ.

ಈಗ ಅಚ್ಚು ಪುಸ್ತಕ. ಬೇಡಿಕೆ ಬಂದಾಗ ಒಂದೊಂದೇ ಪ್ರತಿ ಮುದ್ರಿಸುವ ವ್ಯವಸ್ಥೆ ಬಂದದ್ದು ದೊಡ್ಡ ಉಪಕಾರ. ಸಾವಿರ ಪ್ರತಿ ಮನೆಯಲ್ಲಿ ಪೇರಿಸಿಡುವುದು ತಪ್ಪಿತು. ಆದರೆ ಇಲ್ಲಿ ಬಹಳ ಜನ ಎಡವುವುದು ಪುಸ್ತಕದ ಬೆನ್ನಿನಲ್ಲಿ.

ಲೆಕ್ಕ ಹಾಕಿ ನೋಡೋಣ. ಕೆಡಿಪಿಯಲ್ಲಿ ಕಪ್ಪು ಬಿಳುಪು ಮುದ್ರಣಕ್ಕೆ ಬಿಳಿ ಕಾಗದದ ಒಂದು ಪುಟಕ್ಕೆ 0.002252 ಇಂಚು ದಪ್ಪ, ಕ್ರೀಮ್ ಬಣ್ಣದ ಕಾಗದಕ್ಕೆ 0.0025 ಇಂಚು. ನಿಮ್ಮ ಪುಸ್ತಕ 240 ಪುಟ ಅಂದುಕೊಳ್ಳಿ. ಬಿಳಿ ಕಾಗದದಲ್ಲಿ ಬೆನ್ನಿನ ಅಗಲ 0.54 ಇಂಚು, ಕ್ರೀಮ್‌ನಲ್ಲಿ 0.60 ಇಂಚು. ವ್ಯತ್ಯಾಸ ಒಂದೂವರೆ ಮಿಲಿಮೀಟರ್. ಇಷ್ಟೇನಾ ಅನ್ನಿಸಬಹುದು. ಆದರೆ ಬೆನ್ನಿನ ಮೇಲಿನ ಅಕ್ಷರದ ಎರಡೂ ಬದಿ ಬಿಡಬೇಕಾದ ಜಾಗವೇ 0.0625 ಇಂಚು, ಅಂದರೆ ಹೆಚ್ಚುಕಮ್ಮಿ ಅದೇ ಒಂದೂವರೆ ಮಿಲಿಮೀಟರ್. ಬಿಳಿ ಕಾಗದಕ್ಕೆ ಮಾಡಿಸಿದ ಮುಖಪುಟ ಇಟ್ಟುಕೊಂಡು, ಕೊನೆ ಗಳಿಗೆಯಲ್ಲಿ "ಕ್ರೀಮ್ ಚೆನ್ನಾಗಿ ಕಾಣುತ್ತೆ" ಅಂತ ಬದಲಾಯಿಸಿದರೆ ಆ ಮುಖಪುಟ ಕೂರುವುದಿಲ್ಲ. ಅಕ್ಷರದ ಗಾತ್ರ ಸ್ವಲ್ಪ ಹೆಚ್ಚಿಸಿ 240 ಪುಟ 264 ಆದರೂ ಅದೇ ಕಥೆ. ಮುಖಪುಟ ಕಲಾವಿದರಿಗೆ ಮತ್ತೆ ಫೋನ್ ಮಾಡಬೇಕು, ಅವರು ಮತ್ತೆ ಸಂಭಾವನೆ ಕೇಳಿದರೆ ಅದು ನ್ಯಾಯವೇ. ಹಾಗಾಗಿ ಒಳಪುಟಗಳ ವಿನ್ಯಾಸ ಪೂರ್ತಿ ಮುಗಿದು, ಪುಟಸಂಖ್ಯೆ ಗಟ್ಟಿಯಾಗಿ, ಕಾಗದ ಯಾವುದು ಅಂತ ನಿಶ್ಚಯ ಆಗುವ ತನಕ ಬೆನ್ನು ಮತ್ತು ಹಿಂಬದಿಯ ಕೆಲಸ ಶುರು ಮಾಡಿಸಬೇಡಿ. ಮುಂಬದಿ ಬೇಕಾದರೆ ಮೊದಲೇ ಆಗಲಿ, ಇ-ಬುಕ್‌ಗೆ ಅದು ಸಾಕು.

ಒಂದು ಕಡೆಗೆ ಮಾಡಿದ ಮುಖಪುಟ ಇನ್ನೊಂದು ಕಡೆಗೆ ಹೊಂದುವುದಿಲ್ಲ ಅನ್ನೋದನ್ನೂ ನೆನಪಿಡಿ. ಇನ್‌ಗ್ರಾಮ್‌ಸ್ಪಾರ್ಕ್‌ನ ಕಾಗದ ಬೇರೆ, ಬೆನ್ನಿನ ಲೆಕ್ಕ ಬೇರೆ, ಅವರ ಟೆಂಪ್ಲೇಟೇ ಬೇರೆ. ಕಲಾವಿದರ ಹತ್ತಿರ ಮೊದಲೇ "ಎರಡು ಮುದ್ರಣ ಸಂಸ್ಥೆಗೆ ಬೇಕು" ಅಂತ ಹೇಳಿ ಮಾತಾಡಿಕೊಂಡರೆ ಇಬ್ಬರಿಗೂ ಒಳ್ಳೆಯದು. ಮುದ್ರಿತ ಪ್ರೂಫ್ ಪ್ರತಿಯನ್ನು ತರಿಸಿ ನೋಡದೆ ಮಾರಾಟಕ್ಕೆ ಬಿಡಬೇಡಿ. ಪರದೆಯ ಮೇಲೆ ಕಾಣುವ ಬಣ್ಣ ಕಾಗದದ ಮೇಲೆ ಮಂಕಾಗುತ್ತದೆ, ಬೆನ್ನುಡಿಯ ಸಣ್ಣ ಅಕ್ಷರ ಓದಲಿಕ್ಕೆ ಆಗುತ್ತದೋ ಇಲ್ಲವೋ ಅನ್ನೋದು ಕೈಯಲ್ಲಿ ಹಿಡಿದಾಗಲೇ ತಿಳಿಯುವುದು.

ಐಎಸ್‌ಬಿಎನ್, ಅಂದರೆ ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ, ಇದರ ಬಗ್ಗೆ ಗೊಂದಲ ಜಾಸ್ತಿ. ಇದು 13 ಅಂಕಿಯ ಸಂಖ್ಯೆ, 2007ರ ಜನವರಿಗೆ ಮೊದಲು 10 ಅಂಕಿ ಇತ್ತು. ಪುಸ್ತಕದ ಒಂದೊಂದು ರೂಪಕ್ಕೂ ಒಂದೊಂದು ಸಂಖ್ಯೆ ಬೇಕು. ಪೇಪರ್‌ಬ್ಯಾಕ್‌ಗೆ ಒಂದು, ಗಟ್ಟಿ ರಟ್ಟಿನದಕ್ಕೆ ಒಂದು, ಇಪಬ್‌ಗೆ ಒಂದು. ಕೆಲವು ದೇಶಗಳಲ್ಲಿ ಇದು ಉಚಿತ, ಕೆಲವು ಕಡೆ ದುಡ್ಡು ಕೊಟ್ಟು ತೆಗೆದುಕೊಳ್ಳಬೇಕು. ಅಂಗಡಿಗಳೇ ಉಚಿತವಾಗಿ ಒಂದು ಸಂಖ್ಯೆ ಕೊಡುತ್ತವೆ ನಿಜ, ಆದರೆ ಕೆಡಿಪಿ ಕೊಟ್ಟ ಉಚಿತ ಸಂಖ್ಯೆಯನ್ನು ನೀವು ಬೇರೆ ಕಡೆ ಬಳಸುವ ಹಾಗಿಲ್ಲ. ಎರಡು ಕಡೆ ಮುದ್ರಿಸುವ ಯೋಚನೆ ಇದ್ದರೆ ನಿಮ್ಮ ಸ್ವಂತ ಸಂಖ್ಯೆಯೇ ಸರಿ.

ಇಲ್ಲಿ ಒಂದು ತೊಡಕು ಇದೆ, ಬಹಳ ಜನಕ್ಕೆ ತಡವಾಗಿ ಗೊತ್ತಾಗುವಂಥದ್ದು. ಕೆಡಿಪಿಯಲ್ಲಿ ಎಕ್ಸ್‌ಪ್ಯಾಂಡೆಡ್ ಡಿಸ್ಟ್ರಿಬ್ಯೂಷನ್ ಅಂತ ಒಂದು ಚೌಕ ಇರುತ್ತದೆ, ಟಿಕ್ ಮಾಡಿದರೆ ಬೇರೆ ಪುಸ್ತಕದ ಅಂಗಡಿಗಳಿಗೂ ಪುಸ್ತಕ ಸಿಗುವ ಹಾಗೆ ಆಗುತ್ತದೆ. ಒಳ್ಳೆಯದೇ ಅಲ್ವಾ ಅಂತ ಟಿಕ್ ಮಾಡಿ, ಆಮೇಲೆ ಅದೇ ಐಎಸ್‌ಬಿಎನ್ ಹಿಡಿದು ಇನ್‌ಗ್ರಾಮ್‌ಸ್ಪಾರ್ಕ್‌ಗೆ ಹೋದರೆ ಈ ಸಂಖ್ಯೆ ಈಗಾಗಲೇ ಇದೆ ಅಂತ ತಡೆಯುತ್ತದೆ. ಅದನ್ನು ಬಿಡಿಸಿಕೊಳ್ಳುವುದಕ್ಕೆ ಎರಡೂ ಕಡೆ ಮೇಲ್ ಬರೆದು ಕಾಯಬೇಕು. ಎಲ್ಲಿ ಯಾವ ಚೌಕ ಟಿಕ್ ಮಾಡುತ್ತೀರಿ ಅನ್ನೋದನ್ನು ಆ ಎಕ್ಸೆಲ್ ಹಾಳೆಯಲ್ಲಿ ಬರೆದಿಡಿ.

ಇನ್ನು ಬೆಲೆ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ "70 ಶೇಕಡಾ ರಾಯಲ್ಟಿ" ಅನ್ನುವ ಮಾತು ಕೇಳಿಯೇ ಅರ್ಧ ಜನ ಈ ಕಡೆ ಬರುತ್ತಾರೆ.

ಕೆಡಿಪಿಯಲ್ಲಿ ಇ-ಬುಕ್‌ಗೆ 70 ಶೇಕಡಾ ಸಿಗುವುದು ಬೆಲೆ 2.99 ಡಾಲರ್‌ನಿಂದ 9.99 ಡಾಲರ್ ಒಳಗೆ ಇದ್ದರೆ. ಆಚೆ ಈಚೆ ಹೋದರೆ 35. ಅಷ್ಟೇ ಅಲ್ಲ, 70ರ ಆಯ್ಕೆಯಲ್ಲಿ ಫೈಲಿನ ತೂಕಕ್ಕೂ ದುಡ್ಡು ಹಿಡಿಯುತ್ತಾರೆ. ಅಮೆರಿಕದ ಅಂಗಡಿಯಲ್ಲಿ ಒಂದು ಎಂಬಿಗೆ 15 ಸೆಂಟ್. ಬೆಲೆ 4.99 ಡಾಲರ್, ಫೈಲ್ 2 ಎಂಬಿ ಇರುವ ಒಂದು ಕಾದಂಬರಿ ತೆಗೆದುಕೊಳ್ಳಿ. 30 ಸೆಂಟ್ ಕಳೆದು ಉಳಿದದ್ದರಲ್ಲಿ 70 ಶೇಕಡಾ, ಅಂದರೆ ಸುಮಾರು 3.28 ಡಾಲರ್. ಪರವಾಗಿಲ್ಲ. ಈಗ ಅದೇ ಬೆಲೆಯ ಚಿತ್ರಗಳಿರುವ ಪುಸ್ತಕ, 20 ಎಂಬಿ. 3 ಡಾಲರ್ ಕಳೆದು ಉಳಿದ 1.99ರಲ್ಲಿ 70 ಶೇಕಡಾ, ಅಂದರೆ ಸುಮಾರು 1.39. ಅದೇ 35ರ ಆಯ್ಕೆ ಇಟ್ಟಿದ್ದರೆ ತೂಕದ ದುಡ್ಡು ಇಲ್ಲ, 1.75 ಸಿಗುತ್ತಿತ್ತು. ದೊಡ್ಡ ಸಂಖ್ಯೆ ನೋಡಿ ಟಿಕ್ ಮಾಡಿದವರಿಗೆ ಮಾರಾಟವಾದ ಒಂದೊಂದು ಪ್ರತಿಯಲ್ಲೂ ನಷ್ಟ. ಚಿತ್ರಗಳನ್ನು ಚಿಕ್ಕದು ಮಾಡಿ ಫೈಲ್ ಹಗುರ ಮಾಡುವುದು ಅದಕ್ಕೇ ಅಷ್ಟು ಮುಖ್ಯ.

ಇನ್ನೂ ಒಂದು ಷರತ್ತು ಇದೆ. ಜಪಾನ್, ಬ್ರೆಜಿಲ್, ಮೆಕ್ಸಿಕೊ, ಭಾರತದ ಗ್ರಾಹಕರಿಗೆ ಮಾರಿದ ಪ್ರತಿಗಳಿಗೆ 70 ಸಿಗಬೇಕಾದರೆ ಪುಸ್ತಕ ಕೆಡಿಪಿ ಸೆಲೆಕ್ಟ್‌ನಲ್ಲಿ ಇರಬೇಕು. ಅದರ ಬಗ್ಗೆ ಆಮೇಲೆ ಹೇಳುತ್ತೇನೆ. ಆಪಲ್ ಯಾವ ಬೆಲೆಗೂ 70 ಕೊಡುತ್ತದೆ. ಕೋಬೋ 2.99 ಡಾಲರ್ ಮತ್ತು ಮೇಲಿನದಕ್ಕೆ 70, ಕೆಳಗಿನದಕ್ಕೆ 45. ಡ್ರಾಫ್ಟ್2ಡಿಜಿಟಲ್ ಮೂಲಕ ಹೋದರೆ ಅವರು ಬೆಲೆಯ ಸುಮಾರು 10 ಶೇಕಡಾ ಇಟ್ಟುಕೊಳ್ಳುತ್ತಾರೆ, ನಿಮಗೆ 70ರ ಬದಲು 60 ಬರುತ್ತದೆ.

ಅಚ್ಚು ಪುಸ್ತಕದಲ್ಲಿ ಲೆಕ್ಕ ಇನ್ನೂ ಬಿಗಿ. ಅಮೆಜಾನ್‌ನಲ್ಲಿ ಬೆಲೆಯ 60 ಶೇಕಡಾ ತೆಗೆದುಕೊಂಡು ಅದರಲ್ಲಿ ಮುದ್ರಣದ ವೆಚ್ಚ ಕಳೆಯುತ್ತಾರೆ. 2025ರ ಜೂನ್‌ನಿಂದ 9.99 ಡಾಲರ್‌ಗಿಂತ ಕಡಿಮೆ ಬೆಲೆಯ ಪುಸ್ತಕಗಳಿಗೆ ಆ 60 ಇಳಿದು 50 ಆಗಿದೆ. ಮುದ್ರಣ ವೆಚ್ಚ 4 ಡಾಲರ್ ಅಂದುಕೊಳ್ಳಿ. ಬೆಲೆ 9.99 ಇಟ್ಟರೆ ನಿಮಗೆ ಸುಮಾರು 1.99 ಉಳಿಯುತ್ತದೆ. ಓದುಗರಿಗೆ ಅನುಕೂಲ ಆಗಲಿ ಅಂತ 8.99 ಮಾಡಿದರೆ ಉಳಿಯುವುದು 50 ಸೆಂಟ್ ಕೂಡ ಇಲ್ಲ. ಓದುಗರಿಗೆ ಉಳಿದದ್ದು ಒಂದು ಡಾಲರ್, ನಿಮಗೆ ಹೋದದ್ದು ಒಂದೂವರೆ. ಇನ್ನು ಆ ಎಕ್ಸ್‌ಪ್ಯಾಂಡೆಡ್ ಡಿಸ್ಟ್ರಿಬ್ಯೂಷನ್‌ನಲ್ಲಿ ದರ 40 ಶೇಕಡಾ ಮಾತ್ರ. 9.99ರಲ್ಲಿ 40 ಅಂದರೆ 4 ಡಾಲರ್‌ಗೂ ಒಂದು ಕೂದಲೆಳೆ ಕಡಿಮೆ, ಮುದ್ರಣದ ಖರ್ಚೂ ಹುಟ್ಟುವುದಿಲ್ಲ. ಬೆಲೆ ಏರಿಸದೆ ಅಲ್ಲಿಗೆ ಹೋಗುವುದಕ್ಕೇ ಆಗುವುದಿಲ್ಲ.

ಅಂಗಡಿಗಳ ನಡುವೆ ಬೆಲೆ ಹೊಂದಿಸುವುದು ಇನ್ನೊಂದು ತಲೆನೋವು. ಬೇರೆ ಎಲ್ಲೋ ನಿಮ್ಮ ಇ-ಬುಕ್ ಕಡಿಮೆ ಬೆಲೆಗೆ ಸಿಗುತ್ತಿದ್ದರೆ ಅಮೆಜಾನ್ ತಾನೂ ಇಳಿಸಬಹುದು, ಆ ಹಕ್ಕು ಒಪ್ಪಂದದಲ್ಲೇ ಇದೆ. ನೀವು ಒಂದು ವಾರದ ರಿಯಾಯಿತಿ ಕೊಟ್ಟಿರಿ. ವಾರ ಮುಗಿಯಿತು, ಎಲ್ಲ ಕಡೆ ಬೆಲೆ ವಾಪಸ್ ಏರಿಸಿದಿರಿ. ಮಧ್ಯವರ್ತಿ ಮೂಲಕ ಹೋದ ಯಾವುದೋ ಒಂದು ಸಣ್ಣ ಅಂಗಡಿಯಲ್ಲಿ ರಿಯಾಯಿತಿ ಬೆಲೆಯೇ ಇನ್ನೂ ನಾಲ್ಕು ದಿನ ಹಾಗೇ ಕೂತಿತು. ಅದನ್ನು ನೋಡಿ ಅಮೆಜಾನ್ ಕೂಡ ಇಳಿಸಿತು. ಈಗ ನಿಮ್ಮ ಕೈಯಲ್ಲಿ ಏನೂ ಇಲ್ಲ, ಮೇಲ್ ಬರೆದು ಕಾಯಬೇಕು. ಇದಕ್ಕೆ ನನಗೆ ಗೊತ್ತಿರುವ ದಾರಿ, ನಿಧಾನದ ಅಂಗಡಿಗಳಲ್ಲಿ ಮೊದಲು ಬೆಲೆ ಏರಿಸಿ, ಅಲ್ಲಿ ಬದಲಾದದ್ದನ್ನು ಕಣ್ಣಾರೆ ನೋಡಿ, ಆಮೇಲೆ ಅಮೆಜಾನ್‌ನಲ್ಲಿ ಏರಿಸುವುದು. ಬೆಲೆ ತೆರಿಗೆ ಸೇರಿಸಿಯೋ ಬಿಟ್ಟೋ ಅನ್ನುವುದನ್ನೂ ನೋಡಿ. ಯುರೋಪಿನ ಅಂಗಡಿಗಳಲ್ಲಿ ಗ್ರಾಹಕರಿಗೆ ಕಾಣುವ ಬೆಲೆಯೊಳಗೇ ವ್ಯಾಟ್ ಇರುತ್ತದೆ, 2015ರಿಂದ ಅದು ಕೊಳ್ಳುವವರ ದೇಶದ ದರದ ಪ್ರಕಾರ. ಹಾಗಾಗಿ ಒಂದೇ ಬೆಲೆಗೆ ಎರಡು ದೇಶದಿಂದ ಎರಡು ಥರದ ರಾಯಲ್ಟಿ ಬಂದರೆ ಗಾಬರಿ ಬೇಡ.

ಈಗ ಕೆಡಿಪಿ ಸೆಲೆಕ್ಟ್. 2011ರ ಡಿಸೆಂಬರ್‌ನಲ್ಲಿ ಬಂದದ್ದು. ಇದಕ್ಕೆ ಸೇರಿದರೆ 90 ದಿನ ನಿಮ್ಮ ಇ-ಬುಕ್ ಬೇರೆ ಯಾವ ಅಂಗಡಿಯಲ್ಲೂ ಇರಬಾರದು, ನಿಮ್ಮ ಸ್ವಂತ ವೆಬ್‌ಸೈಟಿನಲ್ಲೂ ಇರಬಾರದು. 10 ಶೇಕಡಾ ಮಾದರಿ ಮಾತ್ರ ತೋರಿಸಬಹುದು. ಅಚ್ಚು ಪುಸ್ತಕಕ್ಕೆ ಈ ಷರತ್ತು ಇಲ್ಲ. ಬದಲಿಗೆ ಕಿಂಡಲ್ ಅನ್‌ಲಿಮಿಟೆಡ್ ಅನ್ನುವ, ಚಂದಾ ಕಟ್ಟಿ ಪುಸ್ತಕ ಓದುವ ಸೇವೆಯ ಚಂದಾದಾರರು ಓದಿದ ಪುಟಗಳಿಗೆ ದುಡ್ಡು ಬರುತ್ತದೆ. 2014ರಲ್ಲಿ ಆ ಸೇವೆ ಶುರುವಾದಾಗ ಓದುಗರು 10 ಶೇಕಡಾ ದಾಟಿದರೆ ಇಡೀ ಪುಸ್ತಕದ ಲೆಕ್ಕ ಸಿಗುತ್ತಿತ್ತು. ಚಿಕ್ಕ ಚಿಕ್ಕ ಪುಸ್ತಕ ಬರೆದವರಿಗೆ ಲಾಭ ಆಗುತ್ತಿತ್ತು. 2015ರ ಜುಲೈನಲ್ಲಿ ಪುಟದ ಲೆಕ್ಕಕ್ಕೆ ಬದಲಾಯಿತು, ಅಂಥವರ ಆದಾಯ ಒಮ್ಮೆಗೇ ಕುಸಿಯಿತು. ಪುಟಕ್ಕೆ ಎಷ್ಟು ಅಂತ ಮೊದಲೇ ಗೊತ್ತಿರುವುದಿಲ್ಲ, ಆ ತಿಂಗಳಿಗೆ ಅಮೆಜಾನ್ ತೆಗೆದಿಟ್ಟ ನಿಧಿ ಎಷ್ಟು, ಎಲ್ಲ ಚಂದಾದಾರರು ಒಟ್ಟು ಓದಿದ ಪುಟ ಎಷ್ಟು ಅನ್ನುವುದರ ಮೇಲೆ ನಿಲ್ಲುತ್ತದೆ.

ಸೇರಬೇಕಾ ಬೇಡವಾ? ಸರಣಿಯಾಗಿ ಬರೆಯುವ ಕಾದಂಬರಿಕಾರರಿಗೆ, ಇಂಗ್ಲಿಷಿನಂಥ ದೊಡ್ಡ ಮಾರುಕಟ್ಟೆಯ ಭಾಷೆಯಲ್ಲಿ ಬರೆಯುವವರಿಗೆ ಇದು ಕೆಲಸ ಮಾಡುತ್ತದೆ. ಉಳಿದವರು ಒಂದು ಅವಧಿ ನೋಡಿ ತೀರ್ಮಾನ ಮಾಡಲಿ ಅನ್ನೋದು ನನ್ನ ಅಭಿಪ್ರಾಯ. ಆದರೆ ಎರಡು ಎಚ್ಚರ. ಒಂದು, 90 ದಿನ ಮುಗಿದ ಮೇಲೆ ತಾನಾಗಿಯೇ ಮತ್ತೆ 90 ದಿನಕ್ಕೆ ಮುಂದುವರಿಯುತ್ತದೆ, ನೀವೇ ಹೋಗಿ ಟಿಕ್ ತೆಗೆಯಬೇಕು. ಎರಡು, ಮೊದಲು ಬೇರೆ ಅಂಗಡಿಗಳಲ್ಲಿ ಇದ್ದ ಪುಸ್ತಕವನ್ನು ತೆಗೆಸಿ ಸೆಲೆಕ್ಟ್‌ಗೆ ಸೇರಿಸುವವರು ಬಹಳ ಹುಷಾರಾಗಿರಬೇಕು. ತೆಗೆಯಿರಿ ಅಂತ ಹೇಳಿದ ತಕ್ಷಣ ಎಲ್ಲ ಕಡೆ ಹೋಗುವುದಿಲ್ಲ. ಯಾವುದೋ ಒಂದು ಸಣ್ಣ ಅಂಗಡಿಯ ಪಟ್ಟಿಯಲ್ಲಿ ಉಳಿದಿದ್ದರೂ ಒಪ್ಪಂದ ಮುರಿದಿದ್ದು ನೀವು ಅಂತಲೇ ಲೆಕ್ಕ. ಪುಸ್ತಕದ ಹೆಸರು ಹಾಕಿ ಹುಡುಕಿ, ಎಲ್ಲೂ ಇಲ್ಲ ಅಂತ ಖಾತ್ರಿ ಆದ ಮೇಲೆ ಸೇರಿ. ಹಿಂದೆ ಬ್ಲಾಗಿನಲ್ಲಿ ಅಧ್ಯಾಯಗಳನ್ನು ಹಾಕಿದ್ದರೆ ಅದನ್ನೂ ತೆಗೆಯಬೇಕು. ಸೆಲೆಕ್ಟ್ ಇಲ್ಲದಿದ್ದರೂ, ಪಠ್ಯ ವೆಬ್‌ನಲ್ಲಿ ಉಚಿತವಾಗಿ ಸಿಗುತ್ತಿದ್ದರೆ ಇದರ ಹಕ್ಕು ನಿಮ್ಮದೇನಾ ಅಂತ ಕೇಳಿ ಮೇಲ್ ಬರುತ್ತದೆ. ಮೇಲ್ ನೋಡದೆ ಬಿಟ್ಟರೆ ಪುಸ್ತಕ ನಿಂತುಹೋಗುತ್ತದೆ.

ಹೆಸರಿನ ಕಾಗುಣಿತದ ಬಗ್ಗೆ ಒಂದು ಮಾತು. ನಿಮ್ಮ ಹೆಸರನ್ನು ಇ-ಬುಕ್‌ನಲ್ಲಿ ಇನಿಶಿಯಲ್ ಹಾಕಿ, ಅಚ್ಚಿನಲ್ಲಿ ಇನಿಶಿಯಲ್ ಬಿಡಿಸಿ ಬರೆದರೆ, ಅಂಗಡಿಯ ಕಂಪ್ಯೂಟರಿಗೆ ಅವರು ಇಬ್ಬರು ಬೇರೆ ಲೇಖಕರು. ಎರಡೂ ರೂಪಗಳು ಒಂದೇ ಪುಟದಲ್ಲಿ ಸೇರುವುದಿಲ್ಲ, ಒಂದಕ್ಕೆ ಬಂದ ವಿಮರ್ಶೆ ಇನ್ನೊಂದರ ಪುಟದಲ್ಲಿ ಕಾಣುವುದಿಲ್ಲ. ಚುಕ್ಕಿ, ಖಾಲಿ ಜಾಗ, ಉಪಶೀರ್ಷಿಕೆ, ಎಲ್ಲವೂ ಅಕ್ಷರಶಃ ಒಂದೇ ಇರಲಿ. ಅದಕ್ಕೂ ಆ ಹಾಳೆ. ಅಲ್ಲಿಂದ ನಕಲು ಮಾಡಿ ಅಂಟಿಸಿ, ಪ್ರತಿ ಸಲ ಟೈಪ್ ಮಾಡಬೇಡಿ.

ಕೀವರ್ಡ್, ವಿಭಾಗ ಇವನ್ನೆಲ್ಲ ಬೇಗ ಮುಗಿಸುತ್ತೇನೆ. ಕೆಡಿಪಿ ಏಳು ಕೀವರ್ಡ್ ಚೌಕ, ಮೂರು ವಿಭಾಗ ಕೊಡುತ್ತದೆ. ಓದುಗರು ಹುಡುಕುವಾಗ ಏನು ಟೈಪ್ ಮಾಡುತ್ತಾರೋ ಅದನ್ನು ಹಾಕಿ. ಬೇರೆ ಲೇಖಕರ ಹೆಸರು ಹಾಕಬೇಡಿ, ಅದಕ್ಕೆ ಅವಕಾಶ ಇಲ್ಲ. ವಿಮರ್ಶೆ ಕೊಳ್ಳಬೇಡಿ. ಮನೆಯವರಿಂದ, ಆಪ್ತ ಸ್ನೇಹಿತರಿಂದ ಬರೆಸಬೇಡಿ, ಅವು ಅಳಿಸಿಹೋಗುತ್ತವೆ, ಕೆಲವು ಸಲ ಖಾತೆಗೂ ಕುತ್ತು ಬರುತ್ತದೆ.

ದುಡ್ಡು ಯಾವಾಗ ಬರುತ್ತದೆ? ಕೆಡಿಪಿಯಲ್ಲಿ ತಿಂಗಳು ಮುಗಿದು ಸುಮಾರು 60 ದಿನಕ್ಕೆ. ಜನವರಿಯ ಮಾರಾಟ ಮಾರ್ಚ್ ಕೊನೆಗೆ. ಮಧ್ಯವರ್ತಿ ಇದ್ದರೆ ಅಂಗಡಿಯಿಂದ ಅವರಿಗೆ ಬಂದು, ಆಮೇಲೆ ನಿಮಗೆ. ಅಮೆರಿಕದ ಹೊರಗಿನವರು ತೆರಿಗೆಯ ಪ್ರಶ್ನಾವಳಿ ತುಂಬಬೇಕು. ಸರಿಯಾಗಿ ತುಂಬದಿದ್ದರೆ, ಇಲ್ಲಾ ನಿಮ್ಮ ದೇಶಕ್ಕೂ ಅಮೆರಿಕಕ್ಕೂ ತೆರಿಗೆ ಒಪ್ಪಂದ ಇಲ್ಲದಿದ್ದರೆ, ಅಲ್ಲಿ ಆದ ಮಾರಾಟದ ರಾಯಲ್ಟಿಯಲ್ಲಿ 30 ಶೇಕಡಾ ಮೊದಲೇ ಹಿಡಿಯುತ್ತಾರೆ. ಕಾವ್ಯನಾಮದಲ್ಲಿ ಬರೆಯುವವರು ನೆನಪಿಡಿ, ಕಾವ್ಯನಾಮ ಮುಖಪುಟಕ್ಕೆ ಮಾತ್ರ. ಖಾತೆ, ಬ್ಯಾಂಕು, ತೆರಿಗೆ ಮೂರರಲ್ಲೂ ಕಾಗದಪತ್ರದಲ್ಲಿರುವ ಹೆಸರೇ ಇರಬೇಕು. ಒಂದಕ್ಷರ ಹೆಚ್ಚುಕಮ್ಮಿ ಆದರೂ ಪಾವತಿ ಸಿಕ್ಕಿಹಾಕಿಕೊಳ್ಳುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ಇರುವುದು ಬೇರೆ ವಿಷಯದಲ್ಲಿ. ಈ ಅಂಗಡಿಗಳು ನಮ್ಮವಲ್ಲ. 2013ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನಲ್ಲಿ ಕೆಲವು ಅಶ್ಲೀಲ ಪುಸ್ತಕಗಳ ಬಗ್ಗೆ ಪತ್ರಿಕೆಗಳಲ್ಲಿ ಗಲಾಟೆ ಆದಾಗ, ಕೋಬೋ ಅಲ್ಲಿನ ಸ್ವಯಂ ಪ್ರಕಾಶಿತ ಪುಸ್ತಕಗಳನ್ನು ಸಾರಾಸಗಟಾಗಿ ಮಾರಾಟದಿಂದ ತೆಗೆದಿತ್ತು. ಮಕ್ಕಳ ಕಥೆ ಬರೆದವರದ್ದೂ ಹೋಯಿತು, ಪರಿಶೀಲಿಸಿ ವಾಪಸ್ ಬರುವ ತನಕ ಕಾಯಬೇಕಾಯಿತು. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಇ-ಬುಕ್ ಅಂಗಡಿಯನ್ನೇ ಮುಚ್ಚಿತು, ಕೊಂಡವರಿಗೆ ದುಡ್ಡು ವಾಪಸ್ ಕೊಟ್ಟಿತು, ಪುಸ್ತಕಗಳು ಅವರ ಕೈಯಿಂದ ಹೋದವು. ಚೀನಾದ ಕಿಂಡಲ್ ಅಂಗಡಿ 2023ರ ಜೂನ್ 30ಕ್ಕೆ ನಿಂತಿತು. ಇವೆಲ್ಲ ದೊಡ್ಡ ಸಂಸ್ಥೆಗಳೇ. ನಿಮ್ಮ ಒಬ್ಬರ ಖಾತೆ ಮುಚ್ಚಿಹೋದರೆ ಸುದ್ದಿಯೂ ಆಗುವುದಿಲ್ಲ. ಒಬ್ಬರಿಗೆ ಒಂದೇ ಖಾತೆ ಅನ್ನುವ ನಿಯಮ ಗೊತ್ತಿಲ್ಲದೆ ಎರಡನೆಯದು ತೆರೆದರೆ ಎರಡೂ ಹೋಗಬಹುದು. ಹೋದರೆ ಅದರೊಳಗಿನ ಪ್ರತಿ ಪುಸ್ತಕವೂ, ಮಾರಾಟದ ಪಟ್ಟಿಯಲ್ಲಿ ಅವಕ್ಕೆ ಸಿಕ್ಕ ಸ್ಥಾನವೂ ಹೋಗುತ್ತದೆ.

ಹಾಗಾಗಿ ಮೂಲ ಫೈಲುಗಳು ನಿಮ್ಮ ಹತ್ತಿರ ಇರಲಿ. ಅಂಗಡಿಯ ಉಚಿತ ಉಪಕರಣದಲ್ಲಿ ಮಾಡಿದ ಮುಖಪುಟ, ಅದರ ಉಪಕರಣದಲ್ಲೇ ಮಾಡಿದ ಫೈಲು ಅಲ್ಲಿಗೇ ಅಂಟಿಕೊಂಡಿರುತ್ತದೆ. ಕಲಾವಿದರಿಂದ ಮುಖಪುಟದ ಮೂಲ ಫೈಲನ್ನೂ, ಬಳಸುವ ಹಕ್ಕಿನ ಬಗ್ಗೆ ಬರಹದಲ್ಲಿ ಒಂದು ಮಾತನ್ನೂ ತೆಗೆದುಕೊಳ್ಳಿ. ಓದುಗರ ಇಮೇಲ್ ಪಟ್ಟಿ ಮಾಡಿಕೊಳ್ಳಿ, ಅವರ ಒಪ್ಪಿಗೆ ಪಡೆದು. ಅಂಗಡಿ ನಿಮಗೆ ಮಾರಾಟದ ಸಂಖ್ಯೆ ಕೊಡುತ್ತದೆ, ಕೊಂಡವರು ಯಾರು ಅಂತ ಎಂದೂ ಹೇಳುವುದಿಲ್ಲ.

ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಬರೆಯುತ್ತೇನೆ.

ಮುಖಪುಟವನ್ನು ಎಐ ಕೈಯಲ್ಲಿ ಮಾಡಿಸಿದರೆ ಹೇಳಬೇಕಾ ಅಂತ ಒಬ್ಬರು ಕೇಳಿದರು. ಕೆಡಿಪಿಯಲ್ಲಿ 2023ರ ಸೆಪ್ಟೆಂಬರ್‌ನಿಂದ ಹೇಳಲೇಬೇಕು. ಪಠ್ಯ, ಚಿತ್ರ, ಅನುವಾದ ಯಾವುದನ್ನು ಎಐ ಸೃಷ್ಟಿಸಿದರೂ ಅಪ್‌ಲೋಡ್ ಮಾಡುವಾಗ ತಿಳಿಸಬೇಕು. ನೀವೇ ಬರೆದದ್ದನ್ನು ತಿದ್ದುವುದಕ್ಕೆ ನೆರವು ಪಡೆದಿದ್ದರೆ ತಿಳಿಸಬೇಕಿಲ್ಲ. ಕೇಳಿದ ಕಡೆ ನಿಜ ಹೇಳಿ. ಖಾತೆ ಉಳಿಯುವುದು ಅದರ ಮೇಲೆ ನಿಂತಿದೆ.

ಎಲ್ಲ ಕಡೆ ನೇರವಾಗಿ ಹೋಗುವುದೋ, ಮಧ್ಯವರ್ತಿಯ ಮೂಲಕವೋ? ಕೆಲಸಕ್ಕೆ ಹೋಗುತ್ತಾ ಬಿಡುವಿನಲ್ಲಿ ಬರೆಯುವವರಿಗೆ ನಾನು ಹೇಳುವುದು, ಅಮೆಜಾನ್‌ಗೆ ನೇರವಾಗಿ ಹೋಗಿ, ಉಳಿದದ್ದೆಲ್ಲ ಮಧ್ಯವರ್ತಿಗೆ ಬಿಡಿ. ಆ 10 ಶೇಕಡಾ ನಿಮ್ಮ ಸಮಯದ ಬೆಲೆ. ಯಾವುದಾದರೂ ಒಂದು ಅಂಗಡಿಯಲ್ಲಿ ಮಾರಾಟ ಏರಿದರೆ ಆಗ ಅದಕ್ಕೆ ನೇರವಾಗಿ ಹೋಗಬಹುದು. ಆದರೆ ಮಧ್ಯವರ್ತಿಯ ಪಟ್ಟಿಯಿಂದ ಮೊದಲು ತೆಗೆಸಿ. ಇಲ್ಲದಿದ್ದರೆ ಒಂದೇ ಅಂಗಡಿಯಲ್ಲಿ ಒಂದೇ ಪುಸ್ತಕ ಎರಡು ಸಲ ಕಾಣುತ್ತದೆ.

ಮೂರನೆಯ ಪ್ರಶ್ನೆ ಹಿರಿಯರೊಬ್ಬರದ್ದು. ನನ್ನ ನಂತರ ಇದೆಲ್ಲ ಏನಾಗುತ್ತದೆ ಅಂತ. ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾದ ಪ್ರಶ್ನೆ ಇದು. ಬರ್ನ್ ಒಪ್ಪಂದದ ಪ್ರಕಾರ ಲೇಖಕರು ತೀರಿಕೊಂಡ ಮೇಲೂ ಕನಿಷ್ಠ 50 ವರ್ಷ ಹಕ್ಕುಸ್ವಾಮ್ಯ ಇರುತ್ತದೆ, ಬಹಳ ದೇಶಗಳಲ್ಲಿ ಅದಕ್ಕಿಂತ ಜಾಸ್ತಿ. ಅಷ್ಟು ಕಾಲ ಪುಸ್ತಕ ಮಾರಾಟದಲ್ಲಿ ಇರಬಹುದು, ದುಡ್ಡೂ ಬರುತ್ತಿರಬಹುದು. ಆದರೆ ಬ್ಯಾಂಕ್ ಖಾತೆ ಮುಚ್ಚಿದ ದಿನ ಪಾವತಿ ನಿಲ್ಲುತ್ತದೆ, ಮನೆಯವರಿಗೆ ಎಲ್ಲೆಲ್ಲಿ ಪುಸ್ತಕ ಇದೆ ಅಂತಲೇ ತಿಳಿದಿರುವುದಿಲ್ಲ. ಉಯಿಲಿನಲ್ಲಿ ಪುಸ್ತಕಗಳ ಹಕ್ಕು ಯಾರಿಗೆ ಅಂತ ಸ್ಪಷ್ಟವಾಗಿ ಬರೆಯಿರಿ. ನಾನು ಅಷ್ಟು ಸಲ ಹೇಳಿದ ಆ ಎಕ್ಸೆಲ್ ಹಾಳೆಯಲ್ಲಿ ಅಂಗಡಿಗಳ ಹೆಸರು, ಪುಸ್ತಕಗಳ ಐಎಸ್‌ಬಿಎನ್, ಯಾವ ಇಮೇಲ್‌ನಿಂದ ಖಾತೆ ತೆರೆದಿದ್ದು, ಯಾವ ಬ್ಯಾಂಕಿಗೆ ದುಡ್ಡು ಬರುತ್ತಿದೆ, ಇಷ್ಟು ಇರಲಿ. ಪಾಸ್‌ವರ್ಡ್ ಅದರಲ್ಲಿ ಬೇಡ, ಅದನ್ನು ಬೇರೆ ಕಡೆ ಭದ್ರವಾಗಿ ಇಡಿ. ಹಾಳೆಯ ಒಂದು ಮುದ್ರಿತ ಪ್ರತಿ ಉಯಿಲಿನ ಜೊತೆ ಇದ್ದರೆ ವಾರಸುದಾರರು ಮರಣ ಪ್ರಮಾಣಪತ್ರ ಹಿಡಿದು ಯಾವ ಯಾವ ಅಂಗಡಿಗೆ ಬರೆಯಬೇಕು ಅಂತ ಅವರಿಗೆ ಗೊತ್ತಾಗುತ್ತದೆ.